ಸಾಲುಮರದ ದಾರಿ

ವಾಚಕರೆ, ನಿಮ್ಮಲ್ಲಿ ಪೀಣ್ಯ, ದಾಸರಹಳ್ಳಿ, ನೆಲಮಂಗಲಗಳ ಕಡೆ ವಾಸವಾಗಿರುವವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಕುದೂರಿಗೆ ಹೋಗಿ ಬನ್ನಿ. ತುಮಕೂರು ರಸ್ತೆಯ ಮೇಲುಸೇತುವೆ, ಕಾರ್ಖಾನೆಗಳ ಗೋಡೆ, ಲಾರಿಗಳ ಸಾಲು, ಸುಂಕದ ಕಟ್ಟೆ ಇವೆಲ್ಲವೂ ಹಿಂದೆ ಸರಿದು, ನೆಲಮಂಗಲದಲ್ಲಿ ಬಸ್ಸು ಹಾಸನದ ಹೆದ್ದಾರಿಗೆ ಹೊರಳಿ ಸೋಲೂರನ್ನು ದಾಟಿದ ಮೇಲೆ ರಾಗಿಯ ಹೊಲಗಳು ಕಾಣತೊಡಗುತ್ತವೆ. ಕುದೂರಿನಲ್ಲಿ ಇಳಿದು ಹುಲಿಕಲ್ಲಿನ ದಾರಿ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿಯೇ ನೆತ್ತಿಯ ಮೇಲಿದ್ದ ಬಿಸಿಲು ಮಾಯವಾಗುತ್ತದೆ. ತಲೆಯೆತ್ತಿದರೆ ಎರಡೂ ಕಡೆಯ ಆಲದ ಮರಗಳು ರಸ್ತೆಯ ಮೇಲೆ ಕೈಕೈ ಹಿಡಿದು ನಿಂತಿರುವುದು ಕಾಣುತ್ತದೆ. ನಡುವೆ ಬಿಳಲುಗಳು ತೂಗಾಡುತ್ತಿರುತ್ತವೆ. ಕಪ್ಪು ರಸ್ತೆಯ ಮೇಲೆ ಬಿದ್ದ ಕೆಂಪು ಹಣ್ಣುಗಳನ್ನು ಮೈನಾಗಳು ಹೆಕ್ಕುತ್ತಿರುತ್ತವೆ.

ಈ ದಾರಿಯ ಚರಿತ್ರೆಯನ್ನೂ, ಇದನ್ನು ಅಗಲ ಮಾಡಬೇಕೆಂದು ಹೊರಟಾಗ ಏನಾಯಿತೆಂಬುದನ್ನೂ ನಿಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ. ಚರಿತ್ರೆ ಎಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂದು ಹುಡುಗರು ತಿಳಿದಿರುತ್ತಾರೆ. ಅವರಿಗೆ ಹಾಗೆ ಕಲಿಸಿದವರು ನಾವೇ. ಒಂದು ರಸ್ತೆಗೂ ಅದರ ಮಗ್ಗುಲಿನ ಮರಕ್ಕೂ ಚರಿತ್ರೆಯುಂಟೆಂಬುದು ಅವು ಹೋದ ಮೇಲೆಯೇ ನಮಗೆ ಹೊಳೆಯುವುದು.

ಮೊದಲು ಮಾತಿನ ವಿಚಾರ. ಕನ್ನಡ ಪಂಡಿತನಿಗೆ ಇದೊಂದು ಚಟ. ‘ಸಾಲುಮರ’ ಎಂಬ ಪದವನ್ನು ತರಗತಿಯಲ್ಲಿ ಬಿಡಿಸಿ ಹೇಳಿ ಎಂದರೆ ಕೆಲವರು ‘ಸಾಲಾದ ಮರ’ ಎನ್ನುತ್ತಾರೆ, ಕೆಲವರು ‘ಸಾಲಿನ ಮರ’ ಎನ್ನುತ್ತಾರೆ. ಹೇಗೆ ಬಿಡಿಸಿದರೂ ಒಂದು ಮರಕ್ಕೆ ಆ ಹೆಸರು ಸಲ್ಲುವುದಿಲ್ಲವೆಂಬುದನ್ನು ಗಮನಿಸಿ. ನಡುವೆ ನಾಲ್ಕು ಮರ ಹೋದರೆ ಉಳಿದ ಮರಗಳಿಗೂ ಆ ಹೆಸರು ತಪ್ಪುತ್ತದೆ. ಆಲಕ್ಕೆ ಸಂಸ್ಕೃತದಲ್ಲಿ ನ್ಯಗ್ರೋಧ, ವಟ, ಬಹುಪಾದ ಎಂದು ಅಮರಕೋಶ ಹೆಸರುಗಳನ್ನು ಕೊಡುತ್ತದೆ. ನ್ಯಗ್ರೋಧವೆಂದರೆ ಕೆಳಮುಖವಾಗಿ ಬೆಳೆಯುವುದು. ಬಹುಪಾದವೆಂದರೆ ಅನೇಕ ಕಾಲುಗಳುಳ್ಳದ್ದು. ರಸ್ತೆಯ ಅಂಚಿನಲ್ಲಿ ನಿಂತ ಮರಕ್ಕೆ ಅನೇಕ ಕಾಲುಗಳಿರುವುದು ಇಂಜಿನಿಯರುಗಳಿಗೆ ಎಂದೂ ಹಿತವಾದ ಸಂಗತಿಯಲ್ಲ. ಅದು ಮುಂದಿನ ಮಾತು.

ದಾರಿಯ ಬದಿಯಲ್ಲಿ ನೆರಳಿಗಾಗಿ ಮರ ನೆಡುವುದು ನಮ್ಮ ದೇಶದಲ್ಲಿ ಬಹು ಹಳೆಯ ಧರ್ಮ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದೂ, ಮಾವಿನ ತೋಪುಗಳನ್ನು ಹಾಕಿಸಿ ಬಾವಿಗಳನ್ನು ತೋಡಿಸಿದೆನೆಂದೂ ಹೇಳಿಕೊಂಡಿದ್ದಾನೆ. ಸಾಲುಮರಕ್ಕೆ ಅವನು ಎಣಿಸಿದ ಮೊದಲ ಮರ ಆಲವೆಂಬುದು ನೆನಪಿಡತಕ್ಕದ್ದು. ಇಂಥ ಸುಖ ಅಲ್ಪವಾದದ್ದು, ಹಿಂದಿನ ಅರಸರೂ ಇದನ್ನು ಮಾಡಿದ್ದರು, ಜನ ಧರ್ಮದಲ್ಲಿ ನಡೆಯಲೆಂದು ನಾನು ಮಾಡಿದೆ ಎಂದು ಅದೇ ಶಾಸನದಲ್ಲಿ ವಿನಯವನ್ನೂ ತೋರಿಸುತ್ತಾನೆ. ನಮ್ಮ ಮತ್ಸ್ಯಪುರಾಣ ಇನ್ನೂ ಮುಂದೆ ಹೋಗಿ ಲೆಕ್ಕವನ್ನೇ ಹಾಕಿಕೊಟ್ಟಿದೆ: ಹತ್ತು ಬಾವಿಗೆ ಒಂದು ಕೊಳ ಸಮ, ಹತ್ತು ಕೊಳಕ್ಕೆ ಒಂದು ಕೆರೆ, ಹತ್ತು ಕೆರೆಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹುಲಿಕಲ್ಲಿಗೆ ಹೋದಾಗ ಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ ಕೆರೆ, ಬಾವಿ, ತೋಪು, ಅರವಟ್ಟಿಗೆಗಳನ್ನು ಮಾಡಿಸಿದವರ ಹೆಸರುಗಳು ಶಾಸನಗಳಲ್ಲಿ ತುಂಬಿವೆ. ಎತ್ತಿನ ಬಂಡಿಗಳ ಕಾಲದಲ್ಲಿ ನೆರಳು ಬರಿಯ ಸೊಗಸಿನ ವಸ್ತುವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೊಗ ಇಳಿಸಿ ಎತ್ತುಗಳಿಗೆ ಹುಲ್ಲು ಹಾಕುವ ಜಾಗ, ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಲು ನೆಟ್ಟ ಕಲ್ಲು, ಒಂದು ಬಾವಿ, ಮೇಲೆ ಒಂದು ಮರ, ಇಷ್ಟಿದ್ದರೆ ಅದು ರಸ್ತೆ. ಮೈಸೂರು ಸಂಸ್ಥಾನದಲ್ಲಿ ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ರಸ್ತೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆಲ, ಹುಣಿಸೆ, ಮಾವು, ನೇರಳೆ, ಹೊಂಗೆ ಇವು ನಮ್ಮ ಕಡೆಯ ದಾರಿಗಳ ಮರಗಳಾದವು. ಹುಣಿಸೆಯ ಫಸಲನ್ನು ವರ್ಷವರ್ಷವೂ ಹರಾಜು ಹಾಕುತ್ತಿದ್ದರು. ಮರವೂ ರಸ್ತೆಯ ಸಂಸಾರದ ದುಡಿಯುವ ಮಗನೇ ಆಗಿದ್ದಿತು.

ಬೆಂಗಳೂರಿನ ಸುತ್ತಿನ ದಾರಿಗಳು ಹೇಗೆ ಬೋಳಾದವೆಂಬುದನ್ನು ವಿಸ್ತಾರವಾಗಿ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ವೈಟ್‌ಫೀಲ್ಡು ೧೮೮೨ರಲ್ಲಿ ಆಂಗ್ಲೋ ಇಂಡಿಯನ್ ಜನರ ಸಣ್ಣ ವಸತಿಯಾಗಿ ಹುಟ್ಟಿದ ಊರು. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದದ್ದು ೧೯೭೦ರ ದಶಕದಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊಳೆತದ್ದು ಅದೇ ದಶಕದ ಕೊನೆಯಲ್ಲಿ. ಕೆಲಸ ಬಂದ ಕಡೆ ಜನ ಬಂದರು; ಜನ ಬಂದ ಕಡೆ ವಾಹನ ಬಂತು; ರಸ್ತೆ ಅಗಲವಾಗಲೇಬೇಕಾಯಿತು. ಹೊಸೂರು ರಸ್ತೆಯ ಮೇಲೆ ಸುಮಾರು ಹತ್ತು ಕಿಲೋಮೀಟರಿನ ಮೇಲುಸೇತುವೆ ೨೦೧೦ರಲ್ಲಿ ತೆರೆಯಿತು. ಸಾಲುಮರಗಳು ಒಂದೊಂದಾಗಿ ಹೋಗಲಿಲ್ಲ, ಸಾಲುಸಾಲಾಗಿಯೇ ಹೋದವು.

ನನ್ನದೊಂದು ತಪ್ಪೊಪ್ಪಿಗೆಯನ್ನು ಇಲ್ಲಿಯೇ ಮಾಡಿಬಿಡುತ್ತೇನೆ. ನಾನು ಪಾಠ ಹೇಳುವ ಶಾಲೆಯ ಮುಂದಿನ ರಸ್ತೆಯಲ್ಲಿ ಒಂಬತ್ತು ಹುಣಿಸೆ ಮರಗಳೂ ಎರಡು ಆಲದ ಮರಗಳೂ ಇದ್ದವು. ಒಂದು ದಿನ ಅವುಗಳ ಬೊಡ್ಡೆಯ ಮೇಲೆ ಬಿಳಿಯ ಬಣ್ಣದಲ್ಲಿ ಅಂಕಿಗಳು ಕಾಣಿಸಿಕೊಂಡವು. ಮಕ್ಕಳು ಎಣಿಸಿಕೊಂಡು ಬಂದು, “ಸಾರ್, ಮರಕ್ಕೆಲ್ಲ ನಂಬರು ಹಾಕಿದ್ದಾರೆ, ಪರೀಕ್ಷೆಗೆ ಕೂರಿಸುತ್ತಾರೇನೋ!” ಎಂದು ನಕ್ಕರು. ನಾನೂ ನಕ್ಕೆ. ಆಕ್ಷೇಪಣೆ ಇದ್ದವರು ಬರೆದು ತಿಳಿಸಬಹುದೆಂಬ ಒಂದು ಪ್ರಕಟಣೆ ಯಾವುದೋ ಕಚೇರಿಯ ಹಲಗೆಯ ಮೇಲೆ ತೂಗಾಡುತ್ತಿದ್ದಿತಂತೆ. ‘ಅಧಿಕಾರಿಗಳಿಗೆ ಮನವಿ ಪತ್ರ ಬರೆಯಿರಿ’ ಎಂಬ ಪ್ರಶ್ನೆಯನ್ನು ಮೂವತ್ತು ವರ್ಷದಿಂದ ಪ್ರತಿ ಪರೀಕ್ಷೆಯಲ್ಲಿಯೂ ಕೊಟ್ಟು, ಒಕ್ಕಣೆಯಲ್ಲಿ ತಪ್ಪಿದ್ದರೆ ಅರ್ಧ ಅಂಕ ಕಳೆಯುತ್ತ ಬಂದವನು ನಾನು. ನನ್ನ ಕೈಯಿಂದ ಒಂದು ಪತ್ರವೂ ಹೋಗಲಿಲ್ಲ. ಬೇಸಗೆ ರಜ ಮುಗಿಸಿ ಬಂದಾಗ ಹನ್ನೊಂದು ಬೊಡ್ಡೆಗಳಿದ್ದವು. ಆಮೇಲೆ ಅವೂ ಇಲ್ಲವಾದವು. ಇಂದು ಬಸ್ಸಿಗೆ ಕಾಯುವ ಮಕ್ಕಳು ವಿದ್ಯುತ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಕಂಬದ ನೆರಳು ಅಷ್ಟೇ ಅಗಲ.

ಹುಲಿಕಲ್ಲಿನ ದಾರಿಯನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುವುದು ಇದೇ ಕಾರಣದಿಂದ.

ಹುಲಿಕಲ್ ಮಾಗಡಿ ತಾಲ್ಲೂಕಿನ ಹಳ್ಳಿ. ಹಿಂದೆ ಬೆಂಗಳೂರು ಜಿಲ್ಲೆ, ಅನಂತರ ಬೆಂಗಳೂರು ಗ್ರಾಮಾಂತರ, ೨೦೦೭ರಿಂದ ರಾಮನಗರ, ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು. ಹಳ್ಳಿ ಇದ್ದಲ್ಲಿಯೇ ಇದ್ದರೂ ಬೆಂಗಳೂರೇ ಅದರ ಬಳಿಗೆ ನಡೆದು ಬರುತ್ತಿದೆಯೆನ್ನಬಹುದು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರು ಹುಲಿಕಲ್ಲಿನ ಚಿಕ್ಕಯ್ಯನವರನ್ನು ಮದುವೆಯಾಗಿ ಈ ಊರಿಗೆ ಬಂದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲುಕ್ವಾರಿಯಲ್ಲಿ ಕೂಲಿ ಮಾಡಿ ಬದುಕಿದವರು. ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಣ್ಣನ್ನು ಆ ಕಾಲದ ಹಳ್ಳಿ ಹೇಗೆ ನೋಡುತ್ತಿತ್ತೆಂಬುದು ನಿಮಗೆ ಗೊತ್ತಿರುವುದೇ. ಗಂಡಹೆಂಡಿರು ಮರಗಳನ್ನೇ ಮಕ್ಕಳೆಂದು ಬೆಳೆಸಲು ತೊಡಗಿದರು. ಮತ್ಸ್ಯಪುರಾಣವನ್ನು ಅವರು ಓದಿರಲಿಲ್ಲ.

ಆಲದ ಮರಗಳು ಆ ಕಡೆ ಬೇಕಾದಷ್ಟಿದ್ದವು. ಅವುಗಳಿಂದಲೇ ಸಸಿಗಳನ್ನು ಮಾಡಿಕೊಂಡರು. ಮೊದಲ ವರ್ಷ ಹತ್ತು ಸಸಿ, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ನೆಡುವುದು ಮಳೆಗಾಲದ ಮೊದಲಿಗೆ, ಬೇರಿಳಿಯುವ ತನಕ ಮುಗಿಲೇ ನೀರು ಹಾಕಲೆಂದು. ಆದರೆ ಮಾಗಡಿಯ ಸೀಮೆ ಮಲೆನಾಡಲ್ಲ. ಮಳೆ ಕೈಕೊಟ್ಟ ದಿನಗಳಲ್ಲಿ ನಾಲ್ಕು ಬಿಂದಿಗೆ ನೀರನ್ನು ನಾಲ್ಕು ಕಿಲೋಮೀಟರ್ ಹೊತ್ತು ಸಸಿಗಳಿಗೆ ಎರೆದರು. ದನಕುರಿಗಳು ಮೇಯದ ಹಾಗೆ ಒಂದೊಂದಕ್ಕೂ ಮುಳ್ಳಿನ ಬೇಲಿ ಕಟ್ಟಿದರು. ಇದಕ್ಕೆ ಯಾವ ಇಲಾಖೆಯ ಅನುದಾನವೂ ಇರಲಿಲ್ಲ. ಕೂಲಿಯಲ್ಲಿ ಉಳಿದ ಕಾಸು, ಕೆಲಸ ಮುಗಿದ ಮೇಲೆ ಉಳಿದ ಹೊತ್ತು ಇವೇ ಬಂಡವಾಳ.

ಹೀಗೆ ಬೆಳೆದ ಮರಗಳು ೩೮೫ ಎಂದು ಲೆಕ್ಕ. ೩೮೪ ಎಂದು ಬರೆದವರೂ ಇದ್ದಾರೆ. ಕೆಲವು ಕಡೆ ಈ ಸಾಲು ೪೫ ಕಿಲೋಮೀಟರ್ ಉದ್ದವಿದೆಯೆಂದು ಅಚ್ಚಾಗಿದೆ. ಹುಲಿಕಲ್ಲಿಗೂ ಕುದೂರಿಗೂ ಇರುವ ದೂರವೇ ಸುಮಾರು ನಾಲ್ಕು ಕಿಲೋಮೀಟರ್ ಎಂಬುದನ್ನು ಬರೆದವರು ನಡೆದು ನೋಡಿದ್ದರೆ ತಿಳಿಯುತ್ತಿದ್ದಿತು. ಬೇಕಾದರೆ ಲೆಕ್ಕ ಹಾಕಿ: ನಾಲ್ಕು ಸಾವಿರ ಮೀಟರಿನಲ್ಲಿ, ಎರಡು ಬದಿಗೂ ಹಂಚಿದರೆ, ಸುಮಾರು ಇಪ್ಪತ್ತು ಮೀಟರಿಗೆ ಒಂದು ಮರ. ಆಲಕ್ಕೆ ಅದು ತಕ್ಕ ಅಂತರ. ಅಕ್ಷರ ಬಾರದ ದಂಪತಿಗಳ ಕ್ಷೇತ್ರಗಣಿತ ಸರಿಯಾಗಿಯೇ ಇದ್ದಿತು.

ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ಪ್ರಶಸ್ತಿಗಳು ಬಂದದ್ದೆಲ್ಲ ಅನಂತರ: ೧೯೯೫ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, ೧೯೯೭ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, ೨೦೧೦ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ. ಮರಗಳ ಪಾಲನೆಯನ್ನು ಸರ್ಕಾರವೇ ವಹಿಸಿಕೊಂಡಿತು. ಅಮೆರಿಕದಲ್ಲಿ ಪರಿಸರ ಶಿಕ್ಷಣದ ಒಂದು ಸಂಸ್ಥೆ ಅವರ ಹೆಸರನ್ನು ಇಟ್ಟುಕೊಂಡಿತು. ೨೦೧೯ರ ಮಾರ್ಚ್ ೧೬ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆಯ ಮೇಲೆ ಕೈಯಿಟ್ಟು ಹರಸಿದ ಚಿತ್ರವನ್ನು ನೀವೆಲ್ಲರೂ ನೋಡಿರಬಹುದು. ಮನೆಗೆ ಬಂದ ಮೊಮ್ಮಗನನ್ನು ಅಜ್ಜಿ ಹರಸಿದ ಹಾಗೆಯೇ ಇದ್ದಿತು.

ಅದೇ ವರ್ಷ ಆ ಮರಗಳ ಬುಡಕ್ಕೆ ಕೊಡಲಿಯ ಮಾತು ಬಂದಿತು. ಬಾಗೇಪಲ್ಲಿಯಿಂದ ಹಲಗೂರಿಗೆ ಹೋಗುವ ರಸ್ತೆಯನ್ನು ಅಗಲಗೊಳಿಸುವ ಯೋಜನೆ. ಹುಲಿಕಲ್ ಕುದೂರಿನ ಸಾಲು ಅದರ ದಾರಿಯಲ್ಲಿತ್ತು. ನಕಾಸೆಯ ಮೇಲೆ ನೋಡಿದರೆ ಇದರಲ್ಲಿ ದುರುದ್ದೇಶವೇನೂ ಕಾಣುವುದಿಲ್ಲ. ಕೋಲಾರ ಸೀಮೆಯ ತುದಿಯಿಂದ ಮಂಡ್ಯ ಸೀಮೆಯವರೆಗೆ ಬೆಂಗಳೂರನ್ನು ಬಳಸಿಕೊಂಡು ಹೋಗುವ ರಸ್ತೆ. ಅದು ಅಗಲವಾದರೆ ಲಾರಿಗಳು ಊರೊಳಗೆ ನುಗ್ಗುವುದು ತಪ್ಪುತ್ತದೆ. ನಕಾಸೆಯ ಗೆರೆಗೆ ದಪ್ಪವಿದೆಯೆಂಬುದೂ, ಆ ದಪ್ಪದೊಳಗೆ ಎಪ್ಪತ್ತು ವರ್ಷದ ಮರಗಳಿವೆಯೆಂಬುದೂ ಮೇಜಿನ ಮುಂದೆ ಕುಳಿತವರಿಗೆ ಕಾಣುವುದಿಲ್ಲ.

ತಿಮ್ಮಕ್ಕನವರಿಗೆ ಆಗ ನೂರು ದಾಟಿ ವರ್ಷಗಳಾಗಿದ್ದವು. ಅವರು ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರನ್ನೂ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರನ್ನೂ ಕಂಡು ಮರಗಳನ್ನು ಕಡಿಯಬೇಡಿರೆಂದು ಕೇಳಿಕೊಂಡರು. ಸುದ್ದಿ ಪತ್ರಿಕೆಗಳಲ್ಲಿ ಬಂದು, ನಾಡಿನ ಜನ ಅವರ ಪರವಾಗಿ ಮಾತನಾಡಿದರು. ಮರಗಳನ್ನು ಉಳಿಸಿಕೊಂಡೇ ರಸ್ತೆಗೆ ಬೇರೆ ಮಾರ್ಗವನ್ನು ಹುಡುಕುವುದೆಂದು ಸರ್ಕಾರ ತೀರ್ಮಾನಿಸಿತು. ಆ ಸರ್ಕಾರ ಅದೇ ಜುಲೈನಲ್ಲಿ ಬಿದ್ದುಹೋಯಿತು, ಮರಗಳು ನಿಂತವು.

ಇಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಈ ಮರಗಳು ಉಳಿದದ್ದು ಏಕೆ? ನೆರಳು ಕೊಟ್ಟದ್ದರಿಂದಲೇ? ಅಲ್ಲ, ನೆರಳು ಕೊಟ್ಟ ಮರಗಳೇ ನಮ್ಮ ಶಾಲೆಯ ಮುಂದೆಯೂ ಇದ್ದವು. ಇವಕ್ಕೆ ಒಬ್ಬ ತಾಯಿಯಿದ್ದಳು, ಆಕೆ ಬದುಕಿದ್ದಳು, ಆಕೆಯ ಹೆಸರು ದೇಶಕ್ಕೆ ಗೊತ್ತಿದ್ದಿತು. ಕಬ್ಬನ್ನನ ಕಾಲದಲ್ಲಿಯೋ ಮಹಾರಾಜರ ಕಾಲದಲ್ಲಿಯೋ ಹೆಸರಿಲ್ಲದ ಕೂಲಿಯವನೊಬ್ಬ ನೆಟ್ಟ ಹುಣಿಸೆಯ ಪರವಾಗಿ ವಿಧಾನಸೌಧಕ್ಕೆ ಹೋಗುವವರಾರು? ಹೆಸರಿಲ್ಲದ ಮರಗಳಿಗಾಗಿ ನೆರೆಹೊರೆಯವರೇ ನಿಲ್ಲಬೇಕಾಗುತ್ತದೆ. ಬೆಂಗಳೂರಿನ ಜನ ಹಾಗೆ ನಿಂತದ್ದೂ ಉಂಟು.

ಈ ಶತಮಾನದ ಮೊದಲ ದಶಕದಲ್ಲಿ ನಗರದ ರಸ್ತೆಗಳನ್ನು ಅಗಲ ಮಾಡುವ ಯೋಜನೆ ಬಂದಾಗ ‘ಹಸಿರು ಉಸಿರು’ ಎಂಬ ಹೆಸರಿನಲ್ಲಿ ಹಲವು ಸಂಘಗಳೂ ಬಿಡಿ ನಾಗರಿಕರೂ ಒಟ್ಟುಗೂಡಿದರು. ೨೦೧೧ರಲ್ಲಿ ಸ್ಯಾಂಕಿ ಕೆರೆಯ ರಸ್ತೆಗಾಗಿ ಮಲ್ಲೇಶ್ವರ, ಸದಾಶಿವನಗರಗಳ ನಿವಾಸಿಗಳು ಬೀದಿಗಿಳಿದರು. ೨೦೧೬ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ೬.೭ ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆ ಕಟ್ಟುವುದೆಂದಾಯಿತು. ವೆಚ್ಚ ೧,೭೯೧ ಕೋಟಿ ರೂಪಾಯಿ. ಹೋಗಬೇಕಾದ ಮರಗಳು ೮೧೨. ಅಕ್ಟೋಬರ್ ೧೬ರ ಭಾನುವಾರ ಸಾವಿರಾರು ಜನ ಆ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಮುದುಕರಿದ್ದರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರಿದ್ದರು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಆ ತಿಂಗಳ ಕೊನೆಯಲ್ಲಿ ತಡೆಯಾಜ್ಞೆ ಕೊಟ್ಟಿತು. ೨೦೧೭ರ ಮಾರ್ಚ್ ೨ರಂದು ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿತು. ಮರಗಳ ಜೊತೆಗೆ ದುಡ್ಡಿನ ವಿಚಾರವೂ ರಾಜಕೀಯವೂ ಅದರಲ್ಲಿ ಬೆರೆತಿದ್ದಿತು, ನಿಜ. ಆದರೂ ಮನೆಯಿಂದ ಹೊರಗೆ ಬಂದು ನಿಂತ ಜನರಿಲ್ಲದೆ ಅದು ಆಗುತ್ತಿರಲಿಲ್ಲ. ನಾನು ಆ ಸಾಲಿನಲ್ಲಿ ಇರಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಅಂದು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಕಾಯಿದೆಯೂ ಇಲ್ಲದೆ ಇಲ್ಲ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನಂತರದ ತಿದ್ದುಪಡಿಯಂತೆ ಐವತ್ತಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಿಯೇ ಮುಂದುವರಿಯಬೇಕು. ನಮ್ಮ ಶಾಲೆಯ ಮುಂದಿನವು ಹನ್ನೊಂದು. ಐವತ್ತಕ್ಕೆ ಕಡಿಮೆಯಿದ್ದ ಮರಗಳಿಗೆ ನೆರೆಯವರ ಕಣ್ಣೇ ಕಾಯಿದೆ.

ಹೊರಗಿನ ದೇಶಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆಂದು ತಿಳಿಯಬೇಡಿ. ಇಂಗ್ಲೆಂಡಿನ ಷೆಫೀಲ್ಡ್ ನಗರದ ಪುರಸಭೆ ರಸ್ತೆಗಳ ನವೀಕರಣಕ್ಕೆ ೨೦೧೨ರಲ್ಲಿ ೨೫ ವರ್ಷದ ಗುತ್ತಿಗೆಯೊಂದನ್ನು ಮಾಡಿಕೊಂಡಿತು. ೧೭,೫೦೦ ಬೀದಿಮರಗಳನ್ನು ತೆಗೆದು ಸಸಿ ನೆಡುವುದು ಆ ಒಪ್ಪಂದದಲ್ಲಿ ಸೇರಿದ್ದಿತು. ಐದು ಸಾವಿರಕ್ಕೂ ಹೆಚ್ಚು ಮರಗಳು ಬಿದ್ದವು. ೨೦೧೬ರ ನವೆಂಬರಿನಲ್ಲಿ ಒಂದು ಬೀದಿಯಲ್ಲಿ ಬೆಳಗಾಗುವ ಮೊದಲೇ ಪೊಲೀಸರನ್ನು ಕರೆತಂದು ಮರ ಕಡಿಸಿದರು. ಅಡ್ಡ ನಿಂತ ಮುದುಕಿಯರನ್ನು ಹಿಡಿದೊಯ್ದರು. ನಿವಾಸಿಗಳು ಬಿಡಲಿಲ್ಲ. ೨೦೧೮ರಲ್ಲಿ ಕಡಿಯುವುದು ನಿಂತಿತು. ಸ್ವತಂತ್ರ ವಿಚಾರಣೆಯ ವರದಿ ೨೦೨೩ರಲ್ಲಿ ಬಂದ ಮೇಲೆ ಪುರಸಭೆ ತಪ್ಪಾಯಿತೆಂದು ಜನರ ಕ್ಷಮೆ ಕೇಳಿತು. ನಮ್ಮ ದೇಶದಲ್ಲಿಯೇ ಬಂಗಾಳದ ಜೆಸ್ಸೋರ್ ರಸ್ತೆಯ ಹಳೆಯ ಮರಗಳಿಗಾಗಿ ನಡೆದ ವ್ಯಾಜ್ಯ ಬೇರೆ ರೀತಿ ಮುಗಿಯಿತು. ಐದು ರೈಲ್ವೆ ಮೇಲುಸೇತುವೆಗಳಿಗಾಗಿ ೩೫೬ ಮರಗಳನ್ನು ಕಡಿಯಲು ೨೦೧೮ರಲ್ಲಿ ಕಲ್ಕತ್ತದ ಉಚ್ಚ ನ್ಯಾಯಾಲಯ ಒಪ್ಪಿತು. ಸರ್ವೋಚ್ಚ ನ್ಯಾಯಾಲಯ ಕೆಲವು ವರ್ಷ ತಡೆದಿದ್ದು, ೨೦೨೩ರಲ್ಲಿ ಕಡಿಯಬಹುದೆಂದಿತು. ರೈಲ್ವೆ ಗೇಟಿನಲ್ಲಿ ಅಪಘಾತವಾಗಿ ಸಾಯುವವರೂ ಮನುಷ್ಯರೇ ಅಲ್ಲವೆ ಎಂಬ ವಾದಕ್ಕೆ ಸುಲಭವಾದ ಉತ್ತರವಿಲ್ಲ.

ಆ ವ್ಯಾಜ್ಯದಿಂದ ಒಂದು ಸ್ವಾರಸ್ಯವಾದ ಲೆಕ್ಕ ಹೊರಬಂದಿತು. ಮರದ ಬೆಲೆಯನ್ನು ಸೌದೆಯ ತೂಕದಲ್ಲಿ ಕಟ್ಟುವುದು ಸರಿಯೇ ಎಂದು ನ್ಯಾಯಾಲಯ ನೇಮಿಸಿದ ತಜ್ಞರ ಸಮಿತಿ ವಿಚಾರಮಾಡಿ, ಗಾಳಿ, ಗೊಬ್ಬರ ಮೊದಲಾದವನ್ನೆಲ್ಲ ಸೇರಿಸಿ, ಮರದ ವಯಸ್ಸಿನ ಒಂದೊಂದು ವರ್ಷಕ್ಕೂ ೭೪,೫೦೦ ರೂಪಾಯಿ ಎಂದು ೨೦೨೧ರಲ್ಲಿ ಹೇಳಿತು. ತಿಮ್ಮಕ್ಕನವರ ಮರಗಳೆಲ್ಲಕ್ಕೂ ಸೇರಿ ಹಿಂದೆ ಕಟ್ಟಿದ ಬೆಲೆ ಸುಮಾರು ೧೫ ಲಕ್ಷ ರೂಪಾಯಿ. ತಜ್ಞರ ಲೆಕ್ಕದಂತೆ ಎಪ್ಪತ್ತು ವರ್ಷದ ಒಂದು ಮರಕ್ಕೇ ೫೨,೧೫,೦೦೦ ರೂಪಾಯಿ. ೩೮೫ಕ್ಕೆ ೨೦೦ ಕೋಟಿಗೂ ಮೇಲೆ. ಈ ಸೂತ್ರವನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ, ನಾನೂ ಪೂರ್ತಿ ಒಪ್ಪಿದವನಲ್ಲ. ಆದರೆ ಹದಿನೈದು ಲಕ್ಷಕ್ಕೂ ಇನ್ನೂರು ಕೋಟಿಗೂ ನಡುವಿನ ಅಂತರ ಮರದ್ದಲ್ಲ, ನೋಡುವ ಕಣ್ಣಿನದು. ಬೆಂಗಳೂರಿನ ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಯವರು ನಗರದ ಬೀದಿಗಳಲ್ಲಿ ಉಷ್ಣಮಾಪಕ ಹಿಡಿದು ಅಳೆದು ೨೦೧೩ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ನೇರವಾಗಿದೆ: ಮರಗಳಿಲ್ಲದ ಬೀದಿಗಿಂತ ಮರಗಳಿರುವ ಬೀದಿಯ ಗಾಳಿ ೫.೬ ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು. ಟಾರಿನ ಮೈ ೨೭.೫ ಡಿಗ್ರಿಯವರೆಗೆ ತಂಪು. ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ರಸ್ತೆ ಅಗಲವಾಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವ ವಾಹನ ಲಾರಿಯ ಹಿಂದೆ ಅರ್ಧ ಗಂಟೆ ನಿಂತದ್ದನ್ನು ನಾನೂ ನೋಡಿದ್ದೇನೆ. ಕುದೂರಿನ ಕಡೆಯ ಒಬ್ಬ ರೈತರು ನನ್ನೊಡನೆ, “ಏನ್ ಮೇಷ್ಟ್ರೆ, ನೀವು ನೆರಳು ನೋಡೋಕೆ ಬರ್ತೀರಿ, ನಾವು ಟೊಮ್ಯಾಟೋ ಸಂತೆಗೆ ಹೊತ್ತಿಗೆ ಮುಟ್ಟಿಸ್ಬೇಕಲ್ಲ” ಎಂದರು. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಆದ್ರೂ ಈ ಮರ ಕಡೀತೀವಿ ಅಂದ್ರೆ ನಾನೂ ಬಿಡಾಕಿಲ್ಲ ಬಿಡಿ. ಆಯಮ್ಮ ನೀರು ಹೊತ್ತಿದ್ನ ನಮ್ಮಪ್ಪ ನೋಡವ್ರೆ” ಎಂದು ಬೀಡಿ ಹಚ್ಚಿದರು. ಇಬ್ಬಂದಿಯೆಂದರೆ ಇದೇ. ಮರಗಳ ಸಾಲನ್ನು ನಡುವೆ ಉಳಿಸಿಕೊಂಡು ಒಂದು ಮಗ್ಗುಲಿನಲ್ಲಿ ಎರಡನೆಯ ದಾರಿ ಮಾಡಬಹುದು. ಊರಿನ ಹೊರಗಿನಿಂದ ಬಳಸಿ ಒಯ್ಯಬಹುದು. ಇದಕ್ಕೆ ಹೊಲ ಕೊಡಬೇಕಾದವರು ಯಾರು, ಪರಿಹಾರವೆಷ್ಟು ಎಂಬ ಮಾತು ಬಂದಾಗ, ಸರ್ಕಾರಿ ಜಾಗದಲ್ಲಿ ನಿಂತ ಮರವೇ ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ. ಅದಕ್ಕೆ ಪಹಣಿಯಿಲ್ಲ.

ತಿಮ್ಮಕ್ಕನವರು ೨೦೨೫ರ ನವೆಂಬರ್ ೧೪ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ೧೧೪ ವರ್ಷವೆಂದು ಪತ್ರಿಕೆಗಳು ಬರೆದವು. ಅಂದು ಮಕ್ಕಳ ದಿನಾಚರಣೆ. ನಮ್ಮ ಶಾಲೆಯಲ್ಲಿ ಮಿಠಾಯಿ ಹಂಚುತ್ತಿದ್ದಾಗ ಸುದ್ದಿ ಬಂದಿತು. ಎಂಟನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಇನ್ನು ಆ ಮರ ಕಡಿಯೋಕೆ ಬಂದರೆ ಯಾರು ಹೋಗಿ ಹೇಳ್ತಾರೆ?” ಎಂದು ಕೇಳಿದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮುಂದಿನ ತಿಂಗಳು ಒಂದು ಶನಿವಾರ ಮೂವತ್ತೆರಡು ಮಕ್ಕಳನ್ನು ಬಸ್ಸಿನಲ್ಲಿ ಕುದೂರಿಗೆ ಕರೆದುಕೊಂಡು ಹೋದೆ.

ಮೂರು ಗುಂಪು ಮಾಡಿ, ಮರಗಳನ್ನು ಎಣಿಸಿಕೊಂಡು ಬನ್ನಿರೆಂದು ಕಳುಹಿಸಿದೆ. ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ, ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಹೊಲದ ಕಡೆಗೆ ಇಳಿದ ಬಿಳಲುಗಳು ನೆಲ ಮುಟ್ಟಿ ತಾವೇ ಬೊಡ್ಡೆಗಳಾಗಿದ್ದವು. ರಸ್ತೆಯ ಕಡೆಯವು ವಾಹನಗಳ ಎತ್ತರಕ್ಕೆ ನಿಂತುಹೋಗಿದ್ದವು. ಬಿಸಿಲು ಏರುವ ಹೊತ್ತಿಗೆ ಮೂರು ಗುಂಪೂ ಹಿಂದಿರುಗಿದವು. ಮೂರು ಲೆಕ್ಕವೂ ಬೇರೆಬೇರೆ. ಒಂದು ಗುಂಪು ಬಿಳಲಿನ ಬೊಡ್ಡೆಯನ್ನೂ ಮರವೆಂದು ಎಣಿಸಿದ್ದಿತು. ಇನ್ನೊಂದು ಅದು ಮರವಲ್ಲ, ಮರದ ಕಾಲೆಂದು ಬಿಟ್ಟಿದ್ದಿತು. ಮೂರನೆಯದು ನಡುವೆ ಬುತ್ತಿ ಬಿಚ್ಚಿ ಲೆಕ್ಕ ಮರೆತಿದ್ದಿತು. ಹಿಂದಿರುಗುವ ಬಸ್ಸಿನಲ್ಲಿ ನೆಲಮಂಗಲದವರೆಗೂ ಇದೇ ಜಗಳ. ಬಿಳಲು ಮರವೋ ಅಲ್ಲವೋ ನೀವೇ ಹೇಳಿ ಸಾರ್ ಎಂದು ನನ್ನ ಬಳಿಗೆ ಬಂದರು. ಅಮರಕೋಶದಲ್ಲಿ ನೋಡಿ ಹೇಳುತ್ತೇನೆಂದು ತಪ್ಪಿಸಿಕೊಂಡೆ.